ತೂತಿಲ್ಲದ ಗುಂಡಿ

೧

ಈ ಕಥೆಯನ್ನು ಎಲ್ಲಿಂದ ಶುರುಮಾಡುವುದು? ನನ್ನ ಮೇಜಿನ ಮೇಲೆ ಹೊಟ್ಟೆಯುರಿಯ ಔಷಧದ ಬಾಟಲಿಯೊಂದಿದೆ. ಅದರ ಮೇಲೆ ‘ಬಳಸುವ ಮೊದಲು ಚೆನ್ನಾಗಿ ಕುಲುಕಿ’ ಎಂದು ಬರೆದಿದೆ. ಕಥೆ ಶುರುಮಾಡುವ ಬಗ್ಗೆ ಇದಕ್ಕಿಂತ ಒಳ್ಳೆಯ ಸಲಹೆಯನ್ನು ಇದುವರೆಗೆ ಯಾವ ವಿಮರ್ಶಕರೂ ನನಗೆ ಕೊಟ್ಟಿಲ್ಲ. ಹಾಗಾಗಿ ಓದುಗರೇ, ಮೊದಲು ನಿಮ್ಮನ್ನೊಮ್ಮೆ ಕುಲುಕುತ್ತೇನೆ: ಬಿ.ಫಾರ್ಮ್ ಓದುವವರು ನಾಲ್ಕು ವರ್ಷ ಏನು ಓದುತ್ತಾರೆ?

ಗೊತ್ತಿಲ್ಲ ತಾನೇ? ನನಗೂ ಗೊತ್ತಿರಲಿಲ್ಲ. ಮೊದಲ ವರ್ಷ ಡಾಕ್ಟರ ಕೈಬರಹ ಓದುವುದು, ಎರಡನೆಯ ವರ್ಷ ಕತ್ತರಿಯಲ್ಲಿ ಮಾತ್ರೆಯ ಪಟ್ಟಿ ಕತ್ತರಿಸುವುದು, ಮೂರನೆಯ ವರ್ಷ ಅದನ್ನು ಕಾಗದದ ಕವರಿಗೆ ಹಾಕುವುದು, ಕೊನೆಯ ವರ್ಷ ಮುಖ ನೋಡದೆ ‘ಚಿಲ್ಲರೆ ಕೊಡಿ’ ಎನ್ನುವುದು. ಇಷ್ಟೇ ಇರಬೇಕು ಎಂದುಕೊಂಡಿದ್ದೆ. ಈ ಬಂಡವಾಳ ಇಟ್ಟುಕೊಂಡು ಕಥೆ ಬರೆಯಲು ಕೂತ ನನ್ನ ಧೈರ್ಯವನ್ನು ನೀವು ಮೆಚ್ಚಬೇಕು.

[ಮೇಜಿನ ಮೇಲೆ ಒಂದು ಪಟ್ಟಿ ಮಾತ್ರೆಯೂ ಇದೆ. ಅದಕ್ಕೂ ಈ ಕಥೆಗೂ ಸಂಬಂಧವಿಲ್ಲ. ಅತ್ತ ನೋಡಬೇಡಿ.]

ಮೊದಲ ವಾಕ್ಯ ಹೀಗೆ ಬರೆದೆ: ‘ಬಿಳಿ ಕೋಟಿನ ಹುಡುಗಿ ಪ್ರಯೋಗಾಲಯದ ಕಿಟಕಿಯ ಬಳಿ ನಿಂತು ಯಾವುದೋ ನೀಲಿ ದ್ರಾವಣವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.’

“ಯಾವ ನೀಲಿ ದ್ರಾವಣ ಸಾರ್?” ಎಂದಳು ಹುಡುಗಿ.

“ಯಾವುದೋ ಒಂದು.”

“ಯಾವುದೋ ಒಂದು ಅನ್ನೋದು ನಮ್ಮಲ್ಲಿ ಇಲ್ಲ ಸಾರ್. ಲೇಬಲ್ ಇಲ್ಲದ ಬಾಟಲಿ ಮುಟ್ಟಿದ್ರೆ ಲ್ಯಾಬಿಂದ ಆಚೆ ಕಳಿಸ್ತಾರೆ. ಮೊದಲು ಲೇಬಲ್ ಬರೀರಿ.”

ನನ್ನ ಪಾತ್ರವೇ ನನ್ನನ್ನು ಮೊದಲ ವಾಕ್ಯದಲ್ಲೇ ಹಿಡಿದು ಹಾಕಿತು. ನಾನು ದ್ರಾವಣವನ್ನು ಹೊಡೆದುಹಾಕಿದೆ. ಹುಡುಗಿಯನ್ನು ಉಳಿಸಿಕೊಂಡೆ. ಕೊನೆಯ ವರ್ಷದ ಬಿ.ಫಾರ್ಮ್. ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಗಿಣಿ ಎನ್ನುತ್ತಾರೆ. ಯಾಕೆಂದು ಆಮೇಲೆ ಗೊತ್ತಾಗುತ್ತದೆ. ಅವಳ ಕೋಟಿನ ನಡುವಿನ ಗುಂಡಿ ಕಿತ್ತುಹೋಗಿದೆ. ಅದನ್ನು ನಾನು ಸುಮ್ಮನೆ ನೈಜವಾಗಿರಲಿ ಎಂದು ಕಿತ್ತಿದ್ದೆ. ಕಥೆಯೆಲ್ಲ ಅದರ ಮೇಲೇ ನಿಲ್ಲುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

೨

ಎರಡನೆಯ ಕರಡು ಕೊಲೆಯ ಕಥೆ. ಔಷಧ ಓದುವವರು ಎಂದ ಮೇಲೆ ವಿಷ ಇರಲೇಬೇಕಲ್ಲ? ಶ್ರೀಮಂತ ಚಿಕ್ಕಪ್ಪ, ಆಸ್ತಿ, ಹಾಲಿನ ಲೋಟ, ಅದರಲ್ಲಿ ಚಿಟಿಕೆ ಪುಡಿ. ಚಿಕ್ಕಪ್ಪ ಗಟಗಟನೆ ಕುಡಿದು ಧಡಾರನೆ ಬಿದ್ದ.

ಗಿಣಿ ಕೈ ಎತ್ತಿದಳು. “ಸಾರ್, ಚಿಕ್ಕಪ್ಪನ ತೂಕ ಎಷ್ಟು?”

“ಸತ್ತವನ ತೂಕ ಯಾಕಮ್ಮ?”

“ತೂಕ ಗೊತ್ತಿಲ್ದೆ ಡೋಸು ಹೆಂಗೆ ಹೇಳೋದು? ನೀವು ಹಾಕಿರೋ ಚಿಟಿಕೆಗೆ ನಿಮ್ಮ ಚಿಕ್ಕಪ್ಪಂಗೆ ಒಂದು ತೇಗು ಬರಬಹುದು. ಇನ್ನೊಂದು, ಆ ಪುಡಿ ಹಾಲಲ್ಲಿ ಕರಗಲ್ಲ. ಲೋಟದ ತಳದಲ್ಲಿ ಕೂತಿರುತ್ತೆ. ಕೊಲೆಗಾರ ಸೆಕೆಂಡ್ ಇಯರ್ ಪಾಸಾಗಿಲ್ಲ ಸಾರ್.”

ಚಿಕ್ಕಪ್ಪ ಎದ್ದು ಕೂತು ತೇಗಿದ. ಆಸ್ತಿ ಅವನಲ್ಲೇ ಉಳಿಯಿತು.

೨ (ಮತ್ತೆ)

ಹಾಗಾದರೆ ಪ್ರೇಮಕಥೆ. ಅಕ್ಕಪಕ್ಕದಲ್ಲಿ ಔಷಧ ಅರೆಯುವ ಎರಡು ಖಲ್ಲುಗಳು, ಅವಳು ಇತ್ತ ಅರೆಯುತ್ತಿದ್ದಾಳೆ, ಅವನು ಅತ್ತ ಅರೆಯುತ್ತಿದ್ದಾನೆ. ಅವನು ತಲೆ ಎತ್ತಿ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಸಮಯ ನಿಂತಿತು.

“ಸಮಯ ನಿಂತ್ರೆ ಪರವಾಗಿಲ್ಲ, ಕೈ ನಿಲ್ಲಬಾರದು” ಎಂದಳು ಗಿಣಿ. “ಅವನು ಅರೀತಿರೋದು ಎಮಲ್ಷನ್ ಅಲ್ವಾ? ಎಣ್ಣೆ, ಅಂಟು, ನೀರು. ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ, ನಿಲ್ಲಿಸದೆ ತಿರುಗಿಸ್ಬೇಕು. ಬೆಳ್ಳಗಾಗಿ ಟಕ್ ಟಕ್ ಅಂತ ಸದ್ದು ಬರೋವರೆಗೂ ಅಪ್ಪ ಬಂದ್ರೂ ತಲೆ ಎತ್ತೋ ಹಾಗಿಲ್ಲ. ಎತ್ತಿದ್ರೆ ಒಡೆದುಹೋಗುತ್ತೆ. ಎಣ್ಣೆ ಬೇರೆ, ನೀರು ಬೇರೆ.”

“ಆ ಟಕ್ ಟಕ್ ಅಂದರೆ ಹೃದಯದ್ದಾ?”

“ಎಮಲ್ಷನ್ದು ಸಾರ್.”

ಅವಳ ಪಕ್ಕದಲ್ಲಿದ್ದ ಹುಡುಗನ ಖಲ್ಲಿನಲ್ಲಿ ಎಣ್ಣೆ ತೇಲಿತು. ಅವನು ನನ್ನನ್ನು ಕೆಕ್ಕರಿಸಿ ನೋಡಿ ಕಥೆಯಿಂದಲೇ ಹೊರಟುಹೋದ. ಪಾಪ, ಇಂಟರ್ನಲ್ ಮಾರ್ಕ್ಸ್ ಹೋಯಿತು.

೩

(ಮೂರನೆಯ ಕರಡು ಒಡೆದುಹೋಯಿತು.)

೪

“ಸರಿ ತಾಯಿ, ನೀನೇ ಹೇಳು. ನೀವು ಓದುವುದಾದರೂ ಏನು?” ಎಂದು ಕೈಚೆಲ್ಲಿದೆ.

ಅದಕ್ಕೇ ಕಾದಿದ್ದಳು. ಉಸಿರು ತೆಗೆದುಕೊಳ್ಳದೆ ಶುರುಮಾಡಿದಳು. ಮೊದಲು ಮನುಷ್ಯನ ಮೈ, ಎಲ್ಲ ಮೂಳೆ, ಎಲ್ಲ ನರ. ಆಮೇಲೆ ರಸಾಯನ, ಅದರಲ್ಲೇ ಮೂರ್ನಾಲ್ಕು ಜಾತಿ, ಒಂದಕ್ಕಿಂತ ಒಂದು ಕಠಿಣ. ಗಿಡಮೂಲಿಕೆಯ ಎಲೆಯನ್ನು ಕೂದಲಿನಷ್ಟು ತೆಳ್ಳಗೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿಟ್ಟು, ಅದರ ಉಸಿರಾಟದ ತೂತು ನೋಡಿಯೇ ಇದು ಅಸಲಿಯೋ ಕಲಬೆರಕೆಯೋ ಹೇಳಬೇಕು. ಸೂಕ್ಷ್ಮಜೀವಿ ಸಾಕಬೇಕು, ಸಾಯಿಸಲೂಬೇಕು. ಮಾತ್ರೆ ಅಚ್ಚು ಹಾಕಬೇಕು, ಅದಕ್ಕೆ ಬಣ್ಣದ ಅಂಗಿ ತೊಡಿಸಬೇಕು. ಅದು ನುಂಗಿದ ಮೇಲೆ ಹೊಟ್ಟೆಯಿಂದ ಎಲ್ಲಿಗೆ ಹೋಗುತ್ತದೆ, ಲಿವರು ಅದನ್ನು ಎಷ್ಟು ಕಿತ್ತುಕೊಳ್ಳುತ್ತದೆ, ಅರ್ಧ ಖಾಲಿಯಾಗಲು ಎಷ್ಟು ಹೊತ್ತು, ಪೂರ್ತಿ ಯಾವ ದಾರಿಯಲ್ಲಿ ಆಚೆ ಹೋಗುತ್ತದೆ. ಕಾನೂನು ಬೇರೆ ಓದಬೇಕು, ಯಾವುದನ್ನು ಚೀಟಿಯಿಲ್ಲದೆ ಮಾರಿದರೆ ಜೈಲು ಅಂತ. ಗಣಿತ ಬೇರೆ—

“ಸಾಕು, ಸಾಕು!”

“ಇನ್ನೂ ಥರ್ಡ್ ಇಯರಿಗೇ ಬಂದಿಲ್ಲ ಸಾರ್.”

ಅವಳಿಗೆ ಗಿಣಿ ಎಂಬ ಹೆಸರು ಯಾಕೆ ಬಂತು ಎಂದು ನಿಮಗೀಗ ತಿಳಿದಿರಬೇಕು. ನನಗೆ ತಲೆ ಚಿಟ್ಟು ಹಿಡಿದಿತ್ತು. ಆದರೂ ಒಳಗೊಳಗೇ ನಾಚಿಕೆಯಾಯಿತು. ಔಷಧಿ ಅಂಗಡಿಯ ಕೌಂಟರಿನ ಆಚೆ ನಿಂತವರ ತಲೆಯಲ್ಲಿ ಇಷ್ಟೆಲ್ಲ ಇರುತ್ತದೆ. ನಾವು ಅವರ ಹತ್ತಿರ ‘ತಲೆನೋವಿಗೆ ಏನಾದ್ರೂ ಕೊಡಿ’ ಎನ್ನುವುದು ಬಿಟ್ಟು ಬೇರೇನು ಕೇಳಿದ್ದೇವೆ?

“ಎಲ್ಲ ಗೊತ್ತಿದೆ ನಿನಗೆ. ಹಾಗಾದರೆ ನಿನಗೆ ಕಷ್ಟ ಏನು? ಕಷ್ಟ ಇಲ್ಲದಿದ್ದರೆ ಕಥೆ ಇಲ್ಲ.”

ಪಟಪಟ ಮಾತಾಡುತ್ತಿದ್ದವಳು ತಲೆ ತಗ್ಗಿಸಿ ಕೋಟು ನೋಡಿಕೊಂಡಳು. ಕಿತ್ತುಹೋದ ಗುಂಡಿಯ ಜಾಗದಲ್ಲಿ ನೇತಾಡುತ್ತಿದ್ದ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

“ಅಜ್ಜಿ ಸಾರ್” ಎಂದಳು.

೫

ಈಗ ನಿಜವಾಗಿ ಶುರು. ಹಿಂದಿನದ್ದೆಲ್ಲ ಕುಲುಕಿದ್ದು.

ಗಿಣಿಯ ಕಾಲೇಜಿನಲ್ಲಿ ಒಂದು ಪ್ರಾಕ್ಟಿಕಲ್ ಇದೆ. ಖಲ್ಲಿಲ್ಲ, ಬೆಂಕಿಯಿಲ್ಲ, ಎರಡು ಕುರ್ಚಿ ಅಷ್ಟೇ. ಒಂದರಲ್ಲಿ ವಿದ್ಯಾರ್ಥಿ, ಇನ್ನೊಂದರಲ್ಲಿ ಮೇಡಂ. ಮೇಡಂ ಆಗ ಮೇಡಂ ಅಲ್ಲ, ರೋಗಿ. ವಿದ್ಯಾರ್ಥಿ ಅವರಿಗೆ ಮಾತ್ರೆಯ ಬಗ್ಗೆ ತಿಳಿಹೇಳಬೇಕು. ಎಲ್ಲರೂ ಇದನ್ನು ‘ಬಿಟ್ಟಿ ಮಾರ್ಕ್ಸ್’ ಎನ್ನುತ್ತಾರೆ. ಗಿಣಿಯೂ ಅನ್ನುತ್ತಿದ್ದಳು.

“ನಂಗೆ ಬಿ.ಪಿ. ಡಾಕ್ಟ್ರು ಈ ಮಾತ್ರೆ ಬರ್ಕೊಟ್ಟಿದ್ದಾರೆ” ಎಂದರು ಮೇಡಂ, ಸೆರಗಿನಲ್ಲಿ ಮುಖ ಒರೆಸಿಕೊಂಡು ಥೇಟ್ ರೋಗಿಯ ಹಾಗೆ.

ಗಿಣಿ ಬಾಯಿ ತೆರೆದಳು. ತಲೆಸುತ್ತು ಬರಬಹುದು, ಒಣಕೆಮ್ಮು ಬರಬಹುದು, ರುಚಿ ಕೆಡಬಹುದು, ಚರ್ಮದ ಮೇಲೆ ದದ್ದು ಏಳಬಹುದು, ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು, ಅಪರೂಪಕ್ಕೆ ತುಟಿ ಮುಖ ಊದಬಹುದು, ಇನ್ನೂ ಅಪರೂಪಕ್ಕೆ... ಒಂದೂ ತಪ್ಪಿಲ್ಲ. ಪುಸ್ತಕದಲ್ಲಿದ್ದ ಕ್ರಮ ಕೂಡ ತಪ್ಪಲಿಲ್ಲ.

ಮೇಡಂ ಎದ್ದರು. ಕೈಚೀಲ ತೆಗೆದುಕೊಂಡು ಕೋಣೆಯಿಂದ ಹೊರಟೇ ಹೋದರು. ಎಲ್ಲರೂ ಬಾಗಿಲು ನೋಡುತ್ತ ಕೂತರು. ಸ್ವಲ್ಪ ಹೊತ್ತಿನ ಮೇಲೆ ಅವರು ಮೇಡಂ ಆಗಿ ವಾಪಸ್ಸು ಬಂದರು.

“ಪೇಷಂಟು ಮನೆಗೆ ಹೋದ್ಲು. ಮಾತ್ರೆ ದಾರೀಲಿ ಎಸೆದ್ಲು” ಎಂದರು. “ನೀನು ಹೇಳಿದ್ದೆಲ್ಲ ಸರಿ. ಆದ್ರೆ ಅವಳಿಗೆ ಒಂದು ಮಾತು ಆಡೋಕೆ ಬಿಟ್ಯಾ? ಪೇಷಂಟು ನಿನ್ನ ಹತ್ರ ಮಾತಾಡ್ಬೇಕು. ಮಾತಾಡಿದ್ದು ಕೌಂಟರ್ ದಾಟಿ ಆಚೆ ಹೋಗಬಾರ್ದು. ಇಷ್ಟೇ ಪಾಠ. ಸೋಮವಾರ ಇನ್ನೊಂದ್ಸಲ ಬಾ. ಆ ಗುಂಡಿ ಹೊಲಿಸ್ಕೊಂಡು ಬಾ.”

ಎಲ್ಲ ವಿಷಯದಲ್ಲೂ ಮೊದಲಿದ್ದವಳು ಬಿಟ್ಟಿ ಮಾರ್ಕ್ಸಿನಲ್ಲಿ ಬಿದ್ದಳು. ನನಗೆ ಸ್ವಲ್ಪ ಖುಷಿಯಾಯಿತು ಎಂದು ಬೇರೆ ಹೇಳಬೇಕಾಗಿಲ್ಲ.

೬

ಗಿಣಿಯ ಅಜ್ಜಿ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಮಷೀನು, ಗೋಡೆಗೆ ಹಲಗೆ, ಹಲಗೆಯ ಮೇಲೆ ಹೆಸರು ಬರೆದ ಬಟ್ಟೆಗಂಟುಗಳು, ನೆಲದ ತುಂಬ ಕತ್ತರಿಸಿದ ಚೂರು. ಅಜ್ಜಿಯ ಕೊರಳಲ್ಲಿ ಅಳತೆಪಟ್ಟಿ, ಬಾಯಲ್ಲಿ ಸದಾ ಎರಡು ಗುಂಡುಸೂಜಿ. ಅಂಗಿಯ ಕಾಲರಿಗೆ ಅಜ್ಜಿಯದು ಎತ್ತಿದ ಕೈ. ಬೇರೆ ಟೈಲರುಗಳೂ ಗುಟ್ಟಾಗಿ ಕಾಲರು ಹೊಲಿಸಿಕೊಂಡು ಹೋಗುತ್ತಾರೆ.

[ಅಜ್ಜಿಗೆ ಅರಿವೆ ಚಿಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಗಾದೆಯ ಉಳಿದರ್ಧ ಬೇಡ, ಮೊಮ್ಮಗಳು ಓದುತ್ತಿದ್ದಾಳೆ.]

ಅಪ್ಪ ಅಮ್ಮ ಕೆಲಸಕ್ಕೆ ಹೋಗಿದ್ದಾರೆ. ಅವರಿಗೆ ಈ ಕಥೆಯಲ್ಲಿ ಪಾತ್ರ ಕೊಡಲಾಗಲಿಲ್ಲ, ಕ್ಷಮಿಸಬೇಕು.

ಅಜ್ಜಿಗೆ ಬಿ.ಪಿ. ಇದೆ. ದಿನಾ ಬೆಳಿಗ್ಗೆ ಒಂದು ಬಿಳಿ ಮಾತ್ರೆ. ಮೊಮ್ಮಗಳು ಬಿ.ಫಾರ್ಮ್ ಸೇರಿದ ದಿನದಿಂದ ಪಟ್ಟಿಯಲ್ಲಿ ಎಷ್ಟು ಉಳಿದಿವೆ ಎಂದು ಅವಳೇ ಎಣಿಸುತ್ತಾಳೆ. ಒಂದು ದಿನವೂ ಲೆಕ್ಕ ತಪ್ಪಿಲ್ಲ. ‘ನಮ್ಮಜ್ಜಿ ಮಾದರಿ ರೋಗಿ’ ಎಂದು ಕ್ಲಾಸಿನಲ್ಲಿ ಹೇಳಿಕೊಂಡು ತಿರುಗುತ್ತಾಳೆ.

ಅವತ್ತು ಪ್ರಾಕ್ಟಿಕಲ್‌ನಲ್ಲಿ ಬಿದ್ದು ಮುಖ ಊದಿಸಿಕೊಂಡು ಬಂದವಳು ಕೋಟು ಬಿಚ್ಚಿ ಅಜ್ಜಿಯ ಮಡಿಲಿಗೆ ಹಾಕಿದಳು.

“ಗುಂಡಿ ಹಾಕ್ಕೊಡು.”

“ಡಬ್ಬೀಲಿ ನೋಡು. ನಾಲ್ಕು ತೂತಿನ ಬಿಳೀದು” ಎಂದಳು ಅಜ್ಜಿ, ಗುಂಡುಸೂಜಿಗಳ ನಡುವಿನಿಂದ. ಆ ಮಾತು ಹೇಳಿದ ಮರುಕ್ಷಣ ಮಷೀನು ನಿಂತಿತು. “ತಡಿ, ನಾನೇ ನೋಡ್ತೀನಿ.”

ಅಷ್ಟರಲ್ಲಿ ಗಿಣಿ ಬಿಸ್ಕತ್ತಿನ ಹಳೆಯ ಡಬ್ಬಿಯನ್ನು ನೆಲಕ್ಕೆ ಸುರಿದಾಗಿತ್ತು. ಕಪ್ಪು, ಕಂದು, ಹಿತ್ತಾಳೆಯದು, ಮಗುವಿನ ಅಂಗಿಯ ಬಾತುಕೋಳಿ ಗುಂಡಿ. ಬಿಳಿಯದೊಂದು ಎತ್ತಿದಳು. ಅದರಲ್ಲಿ ನಾಲ್ಕು ತೂತಿರಲಿಲ್ಲ. ಎರಡೂ ಇರಲಿಲ್ಲ. ಒಂದೂ ಇರಲಿಲ್ಲ. ನಡುವೆ ಒಂದು ಗೆರೆಯಿತ್ತು, ಅಷ್ಟೇ.

ಕೈಯಾಡಿಸಿದಳು. ಇನ್ನೊಂದು. ಮತ್ತೊಂದು. ಒಂದು ಹಿಡಿ.

“ಸಿಕ್ತಾ?” ಎಂದಳು ಅಜ್ಜಿ.

“ಸಿಕ್ತು” ಎಂದಳು ಗಿಣಿ.

೭

ಓದುಗರೇ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಅಲ್ಲೇ ಕೂತಿದ್ದ ಅಜ್ಜಿಯನ್ನು ಕೇಳುತ್ತಿದ್ದಿರಿ. ಯಾವ ಪದವಿಯೂ ಇಲ್ಲದವರು ಮಾಡುವ ಸರಳ ಕೆಲಸ ಅದು. ನಮ್ಮ ಗಿಣಿ ನಾಲ್ಕು ವರ್ಷ ಓದಿದವಳು. ಅವಳು ಒಂದಷ್ಟು ಮಾತ್ರೆಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಮರುದಿನ ಲ್ಯಾಬಿಗೆ ಹೋದಳು.

ಅಜ್ಜಿ ಮಾತ್ರೆ ನುಂಗುತ್ತಿಲ್ಲ ಎಂದರೆ ಮಾತ್ರೆಯಲ್ಲಿ ಏನೋ ದೋಷವಿರಬೇಕು. ಇದು ಅವಳ ತರ್ಕ. ಮೊದಲು ಒಂದೊಂದನ್ನೇ ತೂಗಿದಳು. ತೂಕ ಸರಿ. ಇಕ್ಕಳದಂಥ ಯಂತ್ರದಲ್ಲಿಟ್ಟು ಹಿಸುಕಿದಳು. ಗಟ್ಟಿತನ ಸರಿ. ಗಾಜಿನಂಥ ಪಾರದರ್ಶಕ ಡ್ರಮ್ಮಿಗೆ ಹಾಕಿ ಗರಗರ ತಿರುಗಿಸಿದಳು. ಅಂಚು ಉದುರಲಿಲ್ಲ. ಮೈಯ ಬಿಸಿಯಷ್ಟೇ ಬಿಸಿಯ ನೀರಿನಲ್ಲಿ ಮೇಲೆ ಕೆಳಗೆ ಆಡುವ ಕೊಳವೆಗಳಿಗೆ ಹಾಕಿದಳು. ನೋಡುನೋಡುತ್ತ ಒಡೆದು ಪುಡಿಯಾದವು. ಗುಂಡಿಡಬ್ಬಿ ಕೂಡ ತಂಪಾದ ಒಣ ಜಾಗ ಎಂದು ಸಾಬೀತಾಯಿತು.

ಹಿಂದೆ ಮೇಡಂ ಬಂದು ನಿಂತಿದ್ದರು.

“ಯಾವ ಬ್ಯಾಚಿಂದು ಇದು?”

“ನಮ್ಮಜ್ಜಿ ಬ್ಯಾಚು ಮೇಡಂ” ಎಂದಳು ಗಿಣಿ. ಡಬ್ಬಿಯ ವಿಷಯ ಪೂರ್ತಿ ಹೇಳಿದಳು.

ಮೇಡಂ ಕೊಳವೆಗಳನ್ನು ಬಗ್ಗಿ ನೋಡಿದರು. “ಮಾತ್ರೆ ಎಲ್ಲದರಲ್ಲೂ ಪಾಸಾಗಿದೆ. ಅಜ್ಜಿ ಏನಂದ್ರು?”

“ಅಜ್ಜೀನ ಕೇಳಿಲ್ಲ ಮೇಡಂ.”

ಮೇಡಂ ಯಂತ್ರದ ಸ್ವಿಚ್ ಆರಿಸಿ ಹೊರಟುಹೋದರು.

೮

ಈಗ ನನ್ನ ಸರದಿ. ಇಷ್ಟು ಒಳ್ಳೆಯ ಅವಕಾಶ ಕಥೆಗಾರನಿಗೆ ಮತ್ತೆ ಸಿಗುವುದಿಲ್ಲ. ಅಜ್ಜಿ ಮಾತ್ರೆ ಬಿಟ್ಟಿದ್ದಾಳೆ, ರಕ್ತದೊತ್ತಡ ಏರುತ್ತಿದೆ, ಯಾರಿಗೂ ಗೊತ್ತಿಲ್ಲ. ನಾನು ಪೆನ್ನಿನ ಮುಚ್ಚಳ ತೆಗೆದು ಬರೆದೆ: ‘ಗಿಣಿ ಮನೆಗೆ ಓಡಿ ಬಂದಾಗ ಮಷೀನಿನ ಸದ್ದಿರಲಿಲ್ಲ. ಸೂಜಿಯ ಕೆಳಗೆ ಅರ್ಧ ಹೊಲಿದ ಕಾಲರ್. ಅಜ್ಜಿಯ ತಲೆ—’

“ನಿಲ್ಸಿ!”

ಗಿಣಿ ಕೂಗಿದ್ದು ಎಷ್ಟು ಜೋರೆಂದರೆ ನನ್ನ ಕೈಯಿಂದ ಪೆನ್ನು ಜಾರಿತು.

“ಏನು ಮಾಡ್ತಿದ್ದೀರ ಸಾರ್?”

“ಕಥೆ ಮುಗಿಸುತ್ತಿದ್ದೇನೆ. ಮನಸ್ಸು ಕಲಕುವ ಅಂತ್ಯ. ಬಹುಮಾನ ಬಂದರೂ ಬರಬಹುದು.”

“ನಿಮ್ಮ ಬಹುಮಾನಕ್ಕೆ ನಮ್ಮಜ್ಜಿ ಬೇಕಾ? ಸಾವು ಬೇಕಿದ್ರೆ ಆ ಚಿಕ್ಕಪ್ಪನ್ನೇ ವಾಪಸ್ ಕರೀರಿ, ಈ ಸಲ ನಾನೇ ಸರಿಯಾದ ಡೋಸ್ ಹೇಳ್ತೀನಿ. ನಮ್ಮಜ್ಜೀನ ಮುಟ್ಟಿದ್ರೆ ನಾನು ಈ ಕಥೇಲಿ ಇರಲ್ಲ.”

“ಹೆದರಬೇಡ. ಬರೀ ಅಕ್ಷರ.”

“ನೀವು ಅಕ್ಷರ ಅಂತೀರ. ನಾನು ಓದಿದ್ದೀನಿ ಸಾರ್. ಬಿ.ಪಿ. ಏರಿದ್ರೆ ಮೆದುಳಲ್ಲಿ ಯಾವ ನಾಳ ಮೊದಲು ಹೋಗುತ್ತೆ, ಯಾವ ಕೈ ಬೀಳುತ್ತೆ, ಮಾತು ಹೆಂಗೆ ತೊದಲುತ್ತೆ, ಎಲ್ಲ ಚಿತ್ರ ಬರ್ದು ಬಣ್ಣ ತುಂಬಿ ಮಾರ್ಕ್ಸ್ ತಗೊಂಡಿದ್ದೀನಿ. ನಿನ್ನೆಯಿಂದ ಅಜ್ಜಿ ಒಂದು ಲೋಟ ಎತ್ತಿದ್ರೂ ಕೈ ನಡುಗುತ್ತಾ ಅಂತ ನೋಡ್ತಿದ್ದೀನಿ. ಗೊತ್ತಿರೋದೇ ಕಷ್ಟ ಸಾರ್.” ಅವಳ ಕಣ್ಣು ತುಂಬಿತು. “ಅದೂ ನಾನೇ ಮಾಡಿದ್ದು. ಪ್ರಾಕ್ಟಿಕಲ್‌ಗೆ ಅಂತ ಅಜ್ಜಿ ಮುಂದೆ ಕೂತು ಆ ಮಾತ್ರೇದೇ ಸೈಡ್ ಎಫೆಕ್ಟ್ ಎಲ್ಲ ಗಟ್ಟಿಯಾಗಿ ಓದ್ತಿದ್ದೆ. ಕೇಳಿ ಕೇಳಿ ಹೆದರಿ ಬಿಟ್ಟಿದ್ದಾಳೆ. ಇನ್ನೇನು?”

ಬರೆದ ಸಾಲನ್ನು ಹರಿದು ಹಾಕಿದೆ. ಅಷ್ಟು ಹೊತ್ತು ತಮಾಷೆಯಾಗಿದ್ದ ಹುಡುಗಿ ಅತ್ತರೆ ನನಗೆ ತಡೆಯಲಾಗುವುದಿಲ್ಲ. ಕಥೆಗಾರನಾಗಿ ನಾನು ಹಿಂದೆ ಬಿದ್ದಿರುವುದಕ್ಕೆ ಇದೇ ಕಾರಣ ಎಂದು ನನ್ನ ಹೆಂಡತಿ ಹೇಳುತ್ತಾಳೆ.

“ಹೋಗಿ ಅಜ್ಜಿಯನ್ನು ಕೇಳು” ಎಂದೆ.

“ಕೇಳೋದು ಅಂದ್ರೆ ಏನು ಹೇಳ್ಬೇಕು ಸಾರ್?”

“ನನಗೂ ಗೊತ್ತಿಲ್ಲ. ನಾನೂ ನಿನ್ನ ಹಾಗೆ ಹೇಳುವವನೇ, ಕೇಳುವವನಲ್ಲ.”

೯

ಸಂಜೆ. ಅಜ್ಜಿ ಕಿಟಕಿಯ ಬೆಳಕಿಗೆ ಸೂಜಿ ಹಿಡಿದು ದಾರ ಪೋಣಿಸುತ್ತಿದ್ದಳು. ಗಿಣಿ ಅವಳ ಕಾಲ ಬಳಿ ಬಟ್ಟೆಚೂರಿನ ಮೇಲೆ ಕೂತಳು. ಬಾಯಿ ತೆರೆದಳು. ರಕ್ತದೊತ್ತಡದ ಅಪಾಯಗಳು ಸಾಲಾಗಿ ನಾಲಗೆಯ ತುದಿಗೆ ಬಂದು ನಿಂತವು. ಬಾಯಿ ಮುಚ್ಚಿದಳು. ಕರ್ಚೀಫು ಬಿಚ್ಚಿ, ಅಂಗೈ ಚಾಚಿದಳು.

“ಅಜ್ಜೀ, ಇವ್ಯಾಕೆ ಡಬ್ಬೀಲಿದ್ವು?”

[ಇಲ್ಲಿ ನಾನು ಏನೂ ಹೇಳುವುದಿಲ್ಲ.]

[ಅವಳೂ ಏನೂ ಹೇಳುತ್ತಿಲ್ಲ. ಅವಳಿಗೆ ಎಷ್ಟು ಕಷ್ಟವಾಗುತ್ತಿದೆ ಎಂದು ನನಗೆ ಕಾಣುತ್ತಿದೆ. ತುಟಿ ಕಚ್ಚಿಕೊಂಡಿದ್ದಾಳೆ.]

ಅಜ್ಜಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು ದಿಂಬಿಗೆ ಚುಚ್ಚಿದಳು.

“ಕೆಮ್ಮು ಬರುತ್ತೆ ಕಣೆ” ಎಂದಳು.

“ಏನು?”

“ಈಚೆಗೆ ಡಾಕ್ಟ್ರು ಬದಲಾಯಿಸಿ ಕೊಟ್ಟ ಆ ಮಾತ್ರೆ ಶುರು ಮಾಡಿದ್ಮೇಲೆ ಒಂದು ಕೆಮ್ಮು. ಕಫ ಇಲ್ಲ, ಜ್ವರ ಇಲ್ಲ. ಗಂಟ್ಲಲ್ಲಿ ನೂಲು ಸಿಕ್ಕೊಂಡ ಹಾಗೆ ಕಚಕಚ. ಕಾಲರ್ ತಿರುವಲ್ಲಿ ಹೊಲಿಗೆ ಬರುತ್ತೆ ನೋಡು, ಅಲ್ಲೇ ಕರೆಕ್ಟಾಗಿ ಕೆಮ್ಮು ಬರುತ್ತೆ. ಕೈ ಹಾರುತ್ತೆ, ಹೊಲಿಗೆ ಸೊಟ್ಟ. ನಾನು ಹೊಲಿದ ಕಾಲರು ಸೊಟ್ಟ ಅಂತ ಒಬ್ರು ವಾಪಸ್ ತಂದುಕೊಟ್ರು. ನಂಗೆ ಅವತ್ತು ಊಟ ಸೇರಲಿಲ್ಲ. ಮಾತ್ರೆ ಬಿಟ್ಟು ನೋಡ್ದೆ. ಕೆಮ್ಮು ನಿಂತ್ಹೋಯ್ತು.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ಹೇಳೋಕೆ ಬಂದೆ. ನೀನು ಅವತ್ತು ಗಟ್ಟಿಯಾಗಿ ಓದ್ತಾ ಇದ್ಯಲ್ಲ, ಎರಡನೇದೇ ‘ಒಣಕೆಮ್ಮು’ ಅಂದೆ. ನಂಗೆ ಎಷ್ಟು ಖುಷಿಯಾಯ್ತು ಗೊತ್ತಾ? ಅಯ್ಯೋ, ನನ್ನ ಕೆಮ್ಮು ಪುಸ್ತಕದಲ್ಲೇ ಇದೆಯಲ್ಲ ಅಂತ. ‘ಪುಟ್ಟೀ, ಅದೇ ಕಣೆ’ ಅನ್ನೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ನೀನು ತುಟಿ ಊದೋದಕ್ಕೆ ಹೋಗಿದ್ದೆ. ಅದು ಮುಗೀಲಿ ಅಂತ ಕಾದೆ. ಮುಗೀಲೇ ಇಲ್ಲ.”

ಗಿಣಿಗೆ ನಗು ಬಂತು, ಅಳುವೂ ಬಂತು, ಎರಡೂ ಒಟ್ಟಿಗೇ ಬಂದು ಬಿಕ್ಕಳಿಕೆಯಾಯಿತು. ತಾನು ಅಜ್ಜಿಯನ್ನು ಹೆದರಿಸಿರಲಿಲ್ಲ. ಅದು ಸಮಾಧಾನ. ಅಜ್ಜಿಗೆ ಹೇಳಲು ಒಂದು ಸಂದು ಕೂಡ ಬಿಟ್ಟಿರಲಿಲ್ಲ. ಅದು ಹೊಟ್ಟೆಯುರಿ.

“ಎಸೀಬಹುದಿತ್ತಲ್ಲ? ಡಬ್ಬೀಲಿ ಯಾಕಿಟ್ಟೆ?”

“ಪಟ್ಟೀಲಿ ಉಳಿದ್ರೆ ನೀನು ಎಣಿಸ್ತೀಯ. ಕಸಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ.” ಅಜ್ಜಿ ಅವಳ ಅಂಗೈಯಲ್ಲಿದ್ದ ಮಾತ್ರೆಗಳನ್ನು ಬೆರಳಿಂದ ಒಂದು ಸುತ್ತು ಆಡಿಸಿದಳು. “ನೀನು ಅಷ್ಟು ಕಷ್ಟಪಟ್ಟು ಓದೋ ವಸ್ತು ಅಲ್ವಾ?”

ಗಿಣಿ ಅಜ್ಜಿಯ ಮಂಡಿಗೆ ತಲೆಯಿಟ್ಟಳು. ಈ ಜಾತಿಯ ಮಾತ್ರೆ ಕೆಲವರಿಗೆ ಕೆಮ್ಮು ತರುತ್ತದೆ, ಅದಕ್ಕೆ ಮಾತ್ರೆಯನ್ನೇ ಬಿಡಬಾರದು, ಡಾಕ್ಟರಿಗೆ ಹೇಳಿದರೆ ಬೇರೆ ಬರೆದುಕೊಡುತ್ತಾರೆ ಎಂದಷ್ಟೇ ಹೇಳಿದಳು. ಅವಳು ಅಷ್ಟು ಚಿಕ್ಕದಾಗಿ ಮಾತಾಡಿದ್ದನ್ನು ಈ ಕಥೆಯಲ್ಲಿ ನಾನು ಕಂಡಿದ್ದು ಅದೇ ಮೊದಲು.

೧೦

ಮರುದಿನ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆಗೆಯುವ ಹೊತ್ತಿಗೆ ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಡಾಕ್ಟರು ಅಜ್ಜಿಯ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಬಿಟ್ಟು, ಮೀಟರ್ ನೋಡಿ ಹುಬ್ಬು ಏರಿಸಿದರು. ಮತ್ತೊಮ್ಮೆ ಸುತ್ತಿ ನೋಡಿದರು. ಹುಬ್ಬು ಇಳಿಯಲಿಲ್ಲ.

“ಸ್ವಲ್ಪ ತಡ ಮಾಡಿದ್ರೂ ಕಷ್ಟ ಆಗ್ತಿತ್ತು. ಕೆಮ್ಮಿನ ವಿಷಯ ಮೊದ್ಲೇ ಯಾಕೆ ಹೇಳ್ಲಿಲ್ಲ?” ಎಂದರು.

“ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ” ಎಂದಳು ಅಜ್ಜಿ. “ಇವತ್ತು ನಮ್ಮ ಹುಡುಗಿ ಕೇಳಿದ್ಲು.”

ಮಾತ್ರೆ ಬದಲಾಯಿತು. ಇದು ಹಳದಿ. ಗುಂಡಿಡಬ್ಬಿಯಲ್ಲಿ ಬಚ್ಚಿಡಲು ಅಷ್ಟು ಅನುಕೂಲವಿಲ್ಲ.

೧೧ (ಅಂತ್ಯಗಳು, ಬೇಕಾದದ್ದು ಆರಿಸಿಕೊಳ್ಳಿ)

ಅ. ಸೋಮವಾರ ಗಿಣಿ ಮೇಡಂ ಮುಂದೆ ಕೂತಳು. ಒಂದೇ ಪ್ರಶ್ನೆ ಕೇಳಿದಳು. ಮೇಡಂ ಎದ್ದು ಅಪ್ಪಿಕೊಂಡರು. ಚಪ್ಪಾಳೆ.

“ಇವತ್ತಿನ್ನೂ ಶನಿವಾರ ಸಾರ್” ಎಂದಳು ಗಿಣಿ. “ಮೇಡಂ ಯಾರನ್ನೂ ಅಪ್ಪಿಕೊಳ್ಳೋರಲ್ಲ.”

ಆ. ಅಜ್ಜಿಯ ರಕ್ತದೊತ್ತಡ ಸರಿಹೋಯಿತು. ಆ ಖುಷಿಗೆ ಬೀದಿಗೆಲ್ಲ ಪುಕ್ಕಟೆ ಕಾಲರ್ ಹೊಲಿದುಕೊಟ್ಟಳು.

“ಪುಕ್ಕಟೆ?” ಎಂದು ಮಷೀನಿನ ಹಿಂದಿನಿಂದ ಇನ್ನೊಂದು ದನಿ ಬಂತು. ಅಜ್ಜಿ! ಅವಳು ನನ್ನೊಂದಿಗೆ ನೇರವಾಗಿ ಮಾತಾಡಿದ್ದು ಇದೇ ಮೊದಲು. “ಯಾರಪ್ಪ ನೀನು? ಆಗಿನಿಂದ ನಮ್ಮ ಮನೆ ವಿಷಯಕ್ಕೆ ಮೂಗು ತೂರಿಸ್ತಾ ಇದ್ದೀಯ. ನಿನ್ನೆ ನನ್ನ ತಲೆ ಮಷೀನ್ ಮೇಲೆ ಬೀಳಿಸೋಕೆ ಹೋಗಿದ್ದೂ ನೀನೇ ತಾನೆ?”

“ಕಥೆ ಮುಗಿಸಬೇಕಲ್ಲಮ್ಮ” ಎಂದೆ, ಕೈಕಟ್ಟಿ.

“ಯಾಕೆ ಮುಗಿಸ್ಬೇಕು?”

“ಓದುಗರು ಕಾಯುತ್ತಿರುತ್ತಾರೆ. ಅಜ್ಜಿ ಮಾತ್ರೆ ತಗೊಂಡಳಾ ಇಲ್ಲವಾ ಅಂತ.”

ಅಜ್ಜಿ ಹಳದಿ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಮೊಮ್ಮಗಳ ಕಡೆ ತಿರುಗಿದಳು. “ಪುಟ್ಟೀ, ಇದು ಎಷ್ಟು ದಿನ ತಗೋಬೇಕು?”

“ದಿನಾ ಅಜ್ಜಿ.”

“ಯಾವಾಗ ಮುಗಿಯುತ್ತೆ?”

“ಮುಗಿಯಲ್ಲ. ಜ್ವರದ ಮಾತ್ರೆ ಆಗಿದ್ರೆ ಐದು ದಿನಕ್ಕೆ ಕೋರ್ಸ್ ಮುಗೀತು ಅನ್ನಬಹುದಿತ್ತು. ಇದಕ್ಕೆ ಕೋರ್ಸ್ ಅನ್ನೋದೇ ಇಲ್ಲ. ಇವತ್ತು ತಗೊಂಡ್ರೆ ಇವತ್ತಿಗೆ ಮಾತ್ರ.”

“ಕೇಳಿಸ್ಕೊಂಡ್ಯಾ?” ಎಂದು ಅಜ್ಜಿ ನನಗೆ ಹೇಳಿದಳು. “ಇವತ್ತು ತಗೋತೀನಿ ಅಂತ ಬರ್ಕೊ. ನಾಳೇದು ನಾಳೆ ಬಂದು ಕೇಳು. ಊರಿಗೆಲ್ಲ ನಾಳೇದನ್ನ ಇವತ್ತೇ ಹೇಳೋಕೆ ನಾನೇನು ಶಾಸ್ತ್ರ ಹೇಳೋ ಗಿಣಿನಾ?”

ಅಜ್ಜಿ ನೀರಿನ ಲೋಟ ಎತ್ತಿದಳು. ಎತ್ತಿ ಅರ್ಧಕ್ಕೇ ನಿಲ್ಲಿಸಿ, “ಇದ್ರಲ್ಲಿ ಏನಾಗುತ್ತೆ?” ಎಂದಳು.

ಗಿಣಿಗೆ ಪೂರ್ತಿ ಪಟ್ಟಿ ಗೊತ್ತಿತ್ತು, ಕ್ರಮವಾಗಿ. ಅಜ್ಜಿಯ ಪಾದ ನೋಡಿದಳು. ಇಡೀ ದಿನ ಮಷೀನು ತುಳಿಯುವ ಪಾದ.

“ಪಾದ ಊದ್ಕೊಂಡ ಹಾಗೆ ಅನ್ನಿಸಿದ್ರೆ ಹೇಳ್ತೀಯಾ?” ಎಂದಳು. “ಬೇರೆ ಏನನ್ನಿಸಿದ್ರೂ ಹೇಳು. ನಾನು ಪುಸ್ತಕ ಮುಚ್ಚಿಟ್ಟು ಕೇಳ್ತೀನಿ.”

ಅಜ್ಜಿ ನುಂಗಿದಳು. ಇವತ್ತಿನದು. ಆಮೇಲೆ ಕೋಟು ಎಳೆದುಕೊಂಡು, ನಾಲ್ಕು ತೂತಿನ ಬಿಳಿ ಗುಂಡಿಯನ್ನು ಹೊಲಿದು, ಹಲ್ಲಿನಿಂದ ದಾರ ಕಡಿದಳು.

೧೨

ಇಲ್ಲಿಗೆ ನಿಲ್ಲಿಸೋಣ ಎಂದುಕೊಂಡೆ. ಗುಂಡಿ ಬಂತು, ಮಾತ್ರೆ ಹೋಯಿತು, ಪರೀಕ್ಷೆ ಸೋಮವಾರ ಇದೆ. ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ.

ಗಿಣಿ ಹೋಗಲಿಲ್ಲ. ಹೊಸ ಗುಂಡಿ ಹಾಕಿಕೊಂಡು ನನ್ನ ಮೇಜಿನ ಎದುರಿನ ಕುರ್ಚಿಯಲ್ಲಿ ಬಂದು ಕೂತಳು. ನನ್ನ ಹೊಟ್ಟೆಯುರಿಯ ಬಾಟಲಿಯನ್ನು ತಿರುಗಿಸಿ ತಾರೀಕು ನೋಡಿದಳು. ಆಮೇಲೆ ಅದರ ಪಕ್ಕದಲ್ಲಿದ್ದ ಪಟ್ಟಿಯನ್ನು ಎತ್ತಿದಳು. ಓದುಗರೇ, ಅತ್ತ ನೋಡಬೇಡಿ ಎಂದಿದ್ದೆನಲ್ಲ, ಅದನ್ನೇ. ಬೆಳಕಿಗೆ ಹಿಡಿದು ನೋಡಿದಳು.

“ಒಂದೂ ತೆಗೆದಿಲ್ಲ” ಎಂದಳು.

“ಅದಕ್ಕೂ ಕಥೆಗೂ ಸಂಬಂಧವಿಲ್ಲ” ಎಂದೆ.

ಅವಳು ವಾದ ಮಾಡಲಿಲ್ಲ. ಬೈಯಲಿಲ್ಲ. ಮಾತ್ರೆ ಬಿಟ್ಟರೆ ಏನಾಗುತ್ತದೆ ಎಂದು ಪಟ್ಟಿ ಒಪ್ಪಿಸಲೂ ಇಲ್ಲ. ಪಟ್ಟಿಯನ್ನು ನಮ್ಮಿಬ್ಬರ ನಡುವೆ ಇಟ್ಟಳು.

“ಯಾಕೆ ಸಾರ್?” ಎಂದಳು.

ಹಾಗೆ ಕೇಳಿ ಸುಮ್ಮನೆ ಕೂತಳು. ನಾನು ಒಂದು ಜೋಕ್ ಹೇಳಲು ನೋಡಿದೆ. ಅವಳು ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ, ಕಾದಳು. ಹನ್ನೆರಡು ಭಾಗ ಒಂದೇ ಉಸಿರಿನಲ್ಲಿ ಮಾತಾಡಿದ ನನಗೆ ಈಗ ಯಾವ ವಾಕ್ಯದಿಂದ ಶುರುಮಾಡಬೇಕೆಂದು ತಿಳಿಯುತ್ತಿಲ್ಲ. ಇನ್ನೂ ಕಾಯುತ್ತಿದ್ದಾಳೆ. ಸೋಮವಾರ ಇವಳು ಪಾಸಾಗುತ್ತಾಳೆ ಎಂದು ನನಗೀಗ ಅನ್ನಿಸುತ್ತಿದೆ.

ಓದುಗರೇ, ಒಂದು ಉಪಕಾರ ಮಾಡಿ. ನೀವು ಸ್ವಲ್ಪ ಆಚೆ ಹೋಗಿ ಬಾಗಿಲು ಎಳೆದುಕೊಳ್ಳಿ. ಹೇಳಿದ್ದು ಕೌಂಟರ್ ದಾಟಬಾರದಂತೆ, ಮತ್ತು ನಾನು ಈ ಹುಡುಗಿಗೆ ಒಂದು ವಿಷಯ ಹೇಳಬೇಕು.